ಕೋಣೆ ಕಲಿತವನು ಕಟ್ಟಡದ ಮುಂದೆ

ನಿಮ್ಮ ಎಡಗೈ ಮುಂದೆ ನಿಂತವನ ಭುಜದ ಮೇಲಿದೆ. ನಿಮ್ಮ ಭುಜದ ಮೇಲೆ ಹಿಂದಿನವನ ಕೈಯ ಭಾರ. ಐದು ಜನ ಒಬ್ಬರಿಗೊಬ್ಬರು ಅಂಟಿಕೊಂಡು, ಬಾಗಿಲಿನ ಪಕ್ಕದ ಗೋಡೆಗೆ ಒತ್ತಿ ನಿಂತಿದ್ದೀರಿ. ಹೊರಗೆ ಹರಿಯಾಣದ ಮಾನೇಸರದ ಬಿಸಿಲು, ಒಳಗೆ ಕತ್ತಲೆ ಮತ್ತು ಸಿಡಿಮದ್ದಿನ ಹಳೆಯ ವಾಸನೆ. ಬುಲೆಟ್ ಪ್ರೂಫ್ ಜಾಕೆಟ್ಟಿನೊಳಗೆ ಬೆವರು ಬೆನ್ನಿನಿಂದ ಸೊಂಟಕ್ಕೆ ಇಳಿಯುತ್ತಿದೆ. ಯಾರೂ ಮಾತಾಡುವುದಿಲ್ಲ. ಹಿಂದಿನವನು ನಿಮ್ಮ ಭುಜ ಅದುಮುತ್ತಾನೆ, ನೀವು ಮುಂದಿನವನದನ್ನು ಅದುಮುತ್ತೀರಿ. ಆ ಒತ್ತು ಸಾಲಿನ ತುದಿ ಮುಟ್ಟಿದ ಕ್ಷಣ ಬಾಗಿಲು ಒಡೆಯುತ್ತದೆ.

ಸ್ಟನ್ ಗ್ರೆನೇಡ್ ಸಿಡಿದು ಕಣ್ಣೆಲ್ಲ ಬಿಳಿ. ಮೊದಲನೆಯವನು ಎಡಮೂಲೆಗೆ, ಎರಡನೆಯವನು ಬಲಮೂಲೆಗೆ ನುಗ್ಗಿಯಾಗಿದೆ. ನಡುವೆ ನೀವು. ಎದುರಿಗೆ ಮೂರು ರಟ್ಟಿನ ಆಕೃತಿಗಳು. ಒಂದರ ಕೈಯಲ್ಲಿ ಬಂದೂಕು, ಇನ್ನೊಂದರ ಕೈಯಲ್ಲಿ ಚೀಲ, ಮೂರನೆಯದು ಕೈ ಮೇಲೆತ್ತಿದೆ. ಬಂದೂಕಿನದಕ್ಕೆ ಎರಡು ಗುಂಡು. ಉಳಿದೆರಡರ ಮೇಲೆ ಗೀರೂ ಬೀಳಬಾರದು. ‘ಕ್ಲಿಯರ್’ ಎಂದು ಎಡಗಡೆಯವನು ಕೂಗುತ್ತಾನೆ, ‘ಕ್ಲಿಯರ್’ ಎಂದು ಬಲಗಡೆಯವನು. ಬಾಗಿಲು ಒಡೆದಾಗಿನಿಂದ ಇಲ್ಲಿಯವರೆಗೆ ನೀವು ನಾಲ್ಕೈದು ಸಲ ಉಸಿರಾಡಿದ್ದೀರಷ್ಟೆ.

ಇದು ರಾಷ್ಟ್ರೀಯ ಭದ್ರತಾ ಪಡೆ, ಅಂದರೆ ಎನ್‌ಎಸ್‌ಜಿಯ ಕಮಾಂಡೊಗಳು ತಯಾರಾಗುವ ಜಾಗ. 1984ರಲ್ಲಿ ಹುಟ್ಟಿದ ಪಡೆ, ಕಪ್ಪು ಸಮವಸ್ತ್ರದಿಂದಾಗಿ ಜನರ ಬಾಯಲ್ಲಿ ಬ್ಲ್ಯಾಕ್ ಕ್ಯಾಟ್. ಇದರ ದಾಳಿ ವಿಭಾಗವಾದ ವಿಶೇಷ ಕಾರ್ಯಾಚರಣೆ ಗುಂಪಿಗೆ ಬರುವವರೆಲ್ಲ ಸೇನೆಯಿಂದ ಆಯ್ದು ಬಂದವರು. ಕೆಲವು ವರ್ಷ ದುಡಿದು ತಮ್ಮ ಮೂಲ ಬೆಟಾಲಿಯನ್ನಿಗೆ ಮರಳುತ್ತಾರೆ. ಬಂದವರಲ್ಲಿ ಬಹಳಷ್ಟು ಮಂದಿ ತರಬೇತಿಯ ನಡುವೆಯೇ ವಾಪಸಾಗುತ್ತಾರೆ. ಇಲ್ಲಿನ ಗುಂಡು ಹಾರಿಸುವ ಒಂದು ಅಂಗಳದ ಬಗ್ಗೆ ವರದಿಗಳಲ್ಲಿ ಮತ್ತೆ ಮತ್ತೆ ಓದಿದ್ದೇನೆ: ಆರೂವರೆ ನಿಮಿಷದಲ್ಲಿ ದಾಟಬೇಕಾದ ದಾರಿ, ದಾರಿಯುದ್ದಕ್ಕೂ 29 ಗುರಿಗಳು, ಪ್ರತಿಯೊಂದೂ ಎರಡು ಮೂರು ಸೆಕೆಂಡು ಮುಖ ತೋರಿಸಿ ಮರೆಯಾಗುತ್ತದೆ.

ಕೋಣೆಗೆ ನುಗ್ಗುವ ಈ ಒಂದೇ ಅಭ್ಯಾಸವನ್ನು ಮತ್ತೆ ಮತ್ತೆ ಮಾಡಿಸುವುದು ಯಾಕೆ? ಜೀವ ಹೋಗುವ ಹೆದರಿಕೆಯಲ್ಲಿ ಮೈ ನಮ್ಮ ಮಾತು ಕೇಳುವುದಿಲ್ಲ. ಎದೆಬಡಿತ ಏರುತ್ತದೆ. ಎದುರಿನದಷ್ಟೇ ಕಂಡು ಪಕ್ಕದ್ದು ಕಣ್ಣಿನಿಂದ ಅಳಿಸಿಹೋಗುತ್ತದೆ. ಪಕ್ಕದಲ್ಲೇ ಸಿಡಿದ ಗುಂಡಿನ ಸದ್ದು ಕೆಲವೊಮ್ಮೆ ಕಿವಿಗೆ ಬೀಳುವುದೇ ಇಲ್ಲ. ಬೆರಳುಗಳು ಒರಟಾಗಿ, ಮ್ಯಾಗಜಿನ್ ಬದಲಾಯಿಸುವಂಥ ಸಣ್ಣ ಕೆಲಸಕ್ಕೂ ತಡವರಿಸುತ್ತವೆ. ಆಗ ಉಳಿಯುವುದು ಕೈಗೆ ರೂಢಿಯಾದದ್ದು ಮಾತ್ರ. ಅದನ್ನು ರೂಢಿ ಮಾಡಿಸುವುದೇ ‘ಕಿಲ್ ಹೌಸ್’ ಎಂದು ಕರೆಯುವ ಈ ಅಭ್ಯಾಸದ ಕೋಣೆಯ ಕೆಲಸ, ಮತ್ತು ಅದನ್ನು ಈ ಕೋಣೆ ಚೆನ್ನಾಗಿ ಮಾಡುತ್ತದೆ. ಈ ಬರಹದಲ್ಲಿ ಮುಂದೆ ತರಬೇತಿಯ ಮಿತಿಗಳ ಬಗ್ಗೆ ಎಷ್ಟೇ ಹೇಳಿದರೂ, ಈ ಮಾತು ಮೊದಲೇ ಹೇಳಬೇಕಾದದ್ದು.

ಈಗ ದೀಪ ಹಾಕಿದ್ದಾರೆ. ಬಂದೂಕು ಖಾಲಿ ಮಾಡಿ, ಹೆಲ್ಮೆಟ್ ತೆಗೆದು, ಕೋಣೆಯನ್ನು ಇನ್ನೊಮ್ಮೆ ನೋಡಿ.

ಗೋಡೆಗಳು ಗುಂಡು ನುಂಗುವಂತೆ ಕಟ್ಟಿದವು, ಪುಟಿದು ಬಂದ ಗುಂಡು ನಮ್ಮವರಿಗೇ ತಾಗಬಾರದಲ್ಲ. ಎಲ್ಲ ತಪ್ಪೂ ಕಾಣುವ ಕಡೆ ತರಬೇತಿ ಕೊಡುವ ಉಸ್ತಾದರು ನಿಂತಿದ್ದಾರೆ. ಒಳಗೆ ಎಷ್ಟು ‘ಉಗ್ರರು’ ಎಂದು ಅವರಿಗೆ ಗೊತ್ತು, ಏಕೆಂದರೆ ಇಟ್ಟವರು ಅವರೇ. ಒಂದು ಮೇಜು, ಒಂದು ಕುರ್ಚಿ. ಮಂಚದ ಕೆಳಗೆ ಯಾರೂ ಇಲ್ಲ. ಸ್ನಾನದ ಮನೆಯಲ್ಲಿ ಬಾಯಿಗೆ ಕೈ ಒತ್ತಿಕೊಂಡು ಕುಳಿತ ತಾಯಿಮಗು ಇಲ್ಲ. ಈ ಕೋಣೆಯಲ್ಲಿ ಯಾರೂ ಒಂದು ರಾತ್ರಿಯನ್ನೂ ಕಳೆದಿಲ್ಲ. ಉಸ್ತಾದರು ತಪ್ಪು ತೋರಿಸುತ್ತಾರೆ, ಚಹಾ ಬರುತ್ತದೆ, ಅಷ್ಟರಲ್ಲಿ ಒಡೆದ ಬಾಗಿಲಿನ ಜಾಗಕ್ಕೆ ಇನ್ನೊಂದು ಬಾಗಿಲು ಕೂರುತ್ತದೆ.

ಬಣ್ಣದ ಗುಂಡು ಬಳಸುವ ಅಭ್ಯಾಸದಲ್ಲಿ ಇನ್ನೊಂದು ಅಪಾಯವಿದೆ. ಎದುರಿನವನೂ ನಿಮ್ಮ ಮೇಲೆ ಗುಂಡು ಹಾರಿಸಬಲ್ಲನಾದ್ದರಿಂದ ಅದು ರಟ್ಟಿನ ಆಕೃತಿಗಿಂತ ನಿಜಕ್ಕೆ ಹತ್ತಿರ. ಆದರೆ ಬಣ್ಣದ ಗುಂಡು ಪ್ಲೈವುಡ್ಡಿಗೆ ಬಡಿದು ಅಲ್ಲೇ ನಿಲ್ಲುತ್ತದೆ, ಸೋಫಾದ ಹಿಂದೆ ಅಡಗಿದವನು ಬದುಕಿಕೊಳ್ಳುತ್ತಾನೆ. ಎ.ಕೆ. ರೈಫಲಿನ ಗುಂಡು ಸೋಫಾ, ಕಪಾಟು, ಬಾಗಿಲು ಎಲ್ಲವನ್ನೂ ತೂರಿ ಆಚೆ ಹೋಗುತ್ತದೆ. ಅಭ್ಯಾಸದಲ್ಲಿ ಕಾಪಾಡಿದ ಮರೆ ಅಸಲಿ ಜಾಗದಲ್ಲಿ ಕೊಲ್ಲುತ್ತದೆ. ಒಳ್ಳೆಯ ಉಸ್ತಾದರು ಇದನ್ನು ಎಚ್ಚರಿಸುತ್ತಲೇ ಇರುತ್ತಾರೆ. ಆದರೂ ಬಾಯಿಮಾತಿಗಿಂತ ಮೈ ಕಲಿತದ್ದು ಬೇಗ ಮುಂದೆ ಬರುತ್ತದೆ.

ಈಗ 2008ರ ನವೆಂಬರ್ 26ರ ರಾತ್ರಿ. ಮಾನೇಸರದ ಬ್ಯಾರಕ್ಕಿನಲ್ಲಿ ಟಿ.ವಿ. ಓಡುತ್ತಿದೆ. ಮುಂಬೈನಲ್ಲಿ ಗುಂಡಿನ ಸದ್ದು, ಗುಂಪು ಘರ್ಷಣೆಯೋ ಏನೋ ಎಂದು ಮೊದಲ ಸುದ್ದಿ. ಆಮೇಲೆ ಛತ್ರಪತಿ ಶಿವಾಜಿ ನಿಲ್ದಾಣ, ಲಿಯೊಪೋಲ್ಡ್ ಕೆಫೆ, ಕಾಮಾ ಆಸ್ಪತ್ರೆ, ಒಬೆರಾಯ್–ಟ್ರೈಡೆಂಟ್, ನರಿಮನ್ ಹೌಸ್, ತಾಜ್ ಎಂದು ಒಂದೊಂದೇ ಹೆಸರು ಕೂಡುತ್ತ ಹೋಗುತ್ತದೆ. ನೀವು ಚೀಲ ಕಟ್ಟಲು ಶುರು ಮಾಡಿದ್ದೀರಿ. ಆಜ್ಞೆ ಬರಬೇಕು. ಬಂದ ಮೇಲೆ ವಿಮಾನ ಬರಬೇಕು. ಆಗ ಎನ್‌ಎಸ್‌ಜಿಗೆ ಸ್ವಂತ ವಿಮಾನವಿಲ್ಲ, ದೆಹಲಿಯ ಆಸುಪಾಸು ಬಿಟ್ಟರೆ ಇನ್ನೆಲ್ಲೂ ನೆಲೆಯಿಲ್ಲ. ವಾಯುಪಡೆಯ ಐಎಲ್-76 ಚಂಡೀಗಢದಿಂದ ದೆಹಲಿಗೆ ಬಂದು, ನಿಮ್ಮನ್ನು ಹೊತ್ತು ಮೇಲೇರುವಾಗ ನಡುರಾತ್ರಿ ಕಳೆದಿದೆ. ಮುಂಬೈಯಲ್ಲಿ ಇಳಿದಾಗ ನಸುಕು. ಅಲ್ಲಿಂದ ಬಸ್ಸು.

ವಿಮಾನದ ಹೊಟ್ಟೆಯಲ್ಲಿ ಕುಳಿತು ನೀವು ಏನನ್ನು ಯೋಚಿಸಬಲ್ಲಿರಿ? ನಿಮ್ಮ ಪಡೆಯ ನೆನಪಿನಲ್ಲಿರುವುದು 1988ರಲ್ಲಿ ಅಮೃತಸರದ ಸ್ವರ್ಣಮಂದಿರ, 2002ರಲ್ಲಿ ಗಾಂಧಿನಗರದ ಅಕ್ಷರಧಾಮ ದೇವಾಲಯ, ಈ ಎರಡು ಕಡೆಯ ಕಾರ್ಯಾಚರಣೆ. ಎರಡೂ ಕಡೆ ಒಂದೇ ಆವರಣ, ಒಂದೇ ಸುತ್ತುಗಟ್ಟು. ಮುಂಬೈನಲ್ಲಿ ಒಬೆರಾಯ್–ಟ್ರೈಡೆಂಟ್, ನರಿಮನ್ ಹೌಸ್, ತಾಜ್ ಎಂಬ ಮೂರು ಕಟ್ಟಡಗಳು ಒಂದೇ ಹೊತ್ತಿನಲ್ಲಿ ಕಾದಿವೆ.

ಗೇಟ್‌ವೇ ಆಫ್ ಇಂಡಿಯಾದ ಬಳಿ ಬಸ್ಸು ನಿಲ್ಲುತ್ತದೆ. ಒಂದು ಸ್ಫೋಟ, ಪಾರಿವಾಳಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ. ಟಿ.ವಿ.ಯವರ ವ್ಯಾನುಗಳು, ಕೇಬಲ್ಲುಗಳು, ಪೊಲೀಸರು, ಒಳಗಿರುವವರ ಬಂಧುಗಳು. ತಾಜ್ ಹೋಟೆಲಿನ ಹಳೆಯ ಕಟ್ಟಡ 1903ರದು, ಪಕ್ಕದ ಗೋಪುರ 1970ರ ದಶಕದ್ದು. ಎರಡೂ ಸೇರಿ ಸುಮಾರು 560 ಕೋಣೆಗಳು. ಹಳೆಯ ಕಟ್ಟಡದ ಮೇಲ್ಭಾಗ ರಾತ್ರಿಯೆಲ್ಲ ಉರಿದು ಈಗಲೂ ಹೊಗೆಯಾಡುತ್ತಿದೆ. ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳು ಸಣ್ಣ ಸಂಖ್ಯೆಯಲ್ಲಿ ಕತ್ತಲಲ್ಲೇ ಒಳನುಗ್ಗಿ, ಗುಂಡೇಟು ತಿಂದು, ಬಹಳ ಜನರನ್ನು ಉಳಿಸಿದ್ದಾರೆ. ಅವರು ಕಂಡದ್ದನ್ನು ನಿಮಗೆ ಹೇಳುತ್ತಾರೆ. ಒಳಗೆ ಎಷ್ಟು ಉಗ್ರರು ಎಂಬುದಕ್ಕೆ ಮಾತ್ರ ಉತ್ತರವಿಲ್ಲ. ತಾಜ್‌ನಲ್ಲಿದ್ದವರು ನಾಲ್ವರು ಎಂದು ನಮಗೆ ಇಂದು ಗೊತ್ತು. ಆ ಬೆಳಿಗ್ಗೆ ಗೊತ್ತಿರಲಿಲ್ಲ, ಮತ್ತು ಗೊತ್ತಿಲ್ಲದಿದ್ದರೆ ಪ್ರತಿ ಬಾಗಿಲಿನ ಹಿಂದೆಯೂ ಒಬ್ಬನಿದ್ದಾನೆ ಎಂದೇ ಹೆಜ್ಜೆ ಇಡಬೇಕು.

ಹೋಟೆಲಿನ ಪೂರ್ಣವಾದ, ಸರಿಯಾದ ನಕ್ಷೆ ತಕ್ಷಣ ಸಿಗಲಿಲ್ಲ ಎಂಬ ದೂರು ಆಮೇಲೆ ಪದೇ ಪದೇ ಕೇಳಿಬಂತು. ಅಡುಗೆಮನೆಯಿಂದ ಔತಣದ ಸಭಾಂಗಣಕ್ಕೆ ಹೋಗುವ ಸಿಬ್ಬಂದಿಯ ದಾರಿ, ಬಟ್ಟೆ ಸಾಗಿಸುವ ಲಿಫ್ಟು, ಎರಡು ಕಟ್ಟಡಗಳು ಕೂಡುವ ಜಾಗ, ಇವೆಲ್ಲ ಗೊತ್ತಿದ್ದದ್ದು ಅಲ್ಲಿ ವರ್ಷಗಟ್ಟಲೆ ದುಡಿದವರಿಗೆ. ದಾಳಿಗೆ ಬಂದವರಿಗಂತೂ ಗುರಿಗಳನ್ನು ಮೊದಲೇ ನೋಡಿ ಹೋದವರು ಕೊಟ್ಟ ವಿವರವಿತ್ತು. ಪಾಕಿಸ್ತಾನದಲ್ಲಿ ತಿಂಗಳುಗಟ್ಟಲೆ ಅವರ ತಯಾರಿ ನಡೆದಿತ್ತು. ಅವರ ಅಭ್ಯಾಸ ಈ ಕಟ್ಟಡಗಳಿಗೆಂದೇ ನಡೆದದ್ದು, ನಿಮ್ಮದು ಯಾವುದೋ ಒಂದು ಕಟ್ಟಡಕ್ಕೆ.

ಒಳಗೆ ಬನ್ನಿ. ಅಗ್ನಿಶಾಮಕದವರು ಹೊಡೆದ ನೀರಿನಿಂದ ರತ್ನಗಂಬಳಿ ನೆನೆದು ಬೂಟಿನಡಿ ಪಿಚಪಿಚ ಎನ್ನುತ್ತದೆ. ಹೊಗೆ ಗಂಟಲಿಗೆ ಇಳಿಯುತ್ತದೆ. ದೊಡ್ಡ ಮೆಟ್ಟಿಲು ನಡುವಿನಿಂದ ಮೇಲಕ್ಕೆ ಏರಿದೆ, ಅದರ ಸುತ್ತ ಪ್ರತಿ ಮಹಡಿಯಲ್ಲೂ ತೆರೆದ ಓಣಿ. ಅಂದರೆ ಮೆಟ್ಟಿಲಿನ ಮೇಲಿರುವ ನೀವು ಮೇಲಿನ ಎಲ್ಲ ಮಹಡಿಗಳಿಗೂ ಕಾಣುತ್ತೀರಿ, ನಿಮಗೆ ಅವುಗಳಲ್ಲಿ ಯಾವುದೂ ಪೂರ್ತಿ ಕಾಣುವುದಿಲ್ಲ. ಮಾನೇಸರದಲ್ಲಿ ನಿಮ್ಮ ಲೆಕ್ಕವೆಲ್ಲ ಬಾಗಿಲಿನಿಂದ ಶುರುವಾಗುತ್ತಿತ್ತು. ಬಾಗಿಲಿಗೆ ತಲುಪುವುದೇ ದೊಡ್ಡ ಕೆಲಸ ಎಂಬುದು ಈಗ ತಿಳಿಯುತ್ತಿದೆ. ಮೆಟ್ಟಿಲ ತಿರುವು, ಕಂಬದ ಹಿಂಬದಿ, ಓಣಿಯ ಕೊನೆಯ ಕತ್ತಲೆ. ಒಂದನ್ನು ನೋಡುವಾಗ ಇನ್ನೆರಡಕ್ಕೆ ಬೆನ್ನು ಕೊಟ್ಟಿರುತ್ತೀರಿ.

ಮೊದಲ ಕೋಣೆ. ಬಾಗಿಲು ಬಡಿಯುತ್ತೀರಿ. ಉತ್ತರವಿಲ್ಲ. ‘ಸೇನೆಯವರು ಬಂದಿದ್ದೇವೆ, ಬಾಗಿಲು ತೆಗೆಯಿರಿ’ ಎಂದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಕೂಗುತ್ತೀರಿ. ಮೌನ.

ಒಳಗಿರುವವರ ಕಡೆಯಿಂದ ಒಂದು ಕ್ಷಣ ನೋಡಿ. ಹೋಟೆಲಿನವರು ರಾತ್ರಿಯೇ ಅವರಿಗೆ ಹೇಳಿದ್ದಾರೆ: ದೀಪ ಆರಿಸಿ, ಚಿಲಕ ಹಾಕಿ, ಯಾರು ಬಡಿದರೂ ತೆಗೆಯಬೇಡಿ. ಅವರು ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ, ಸ್ನಾನದ ಮನೆಯ ನೆಲದ ಮೇಲೆ ಕುಳಿತಿದ್ದಾರೆ. ಓಣಿಯಲ್ಲಿ ಬೂಟುಗಳ ಸದ್ದು ರಾತ್ರಿಯೂ ಕೇಳಿತ್ತು, ಬಾಗಿಲು ಬಡಿದ ಸದ್ದೂ, ಅದರ ಬೆನ್ನಿಗೇ ಗುಂಡಿನ ಸದ್ದೂ ಕೇಳಿತ್ತು. ಈಗ ಬಡಿಯುತ್ತಿರುವವರು ಸೈನಿಕರೆಂದು ಅವರು ಹೇಗೆ ನಂಬಬೇಕು? ಬಾಗಿಲು ತೆಗೆಯದೆ ಕುಳಿತದ್ದರಿಂದಲೇ ಅವರು ಇಷ್ಟು ಹೊತ್ತು ಬದುಕಿದ್ದಾರೆ.

ನಿಮ್ಮ ಎಷ್ಟೋ ಅಭ್ಯಾಸಗಳಲ್ಲಿ ಒಂದರಲ್ಲಿಯೂ ಒತ್ತೆಯಾಳು ನಿಮಗೆ ಹೆದರಿರಲಿಲ್ಲ.

ಮಾಸ್ಟರ್ ಕೀ ಇದ್ದರೆ ಬಾಗಿಲು ತೆರೆಯುತ್ತದೆ, ಒಳಚಿಲಕ ಬಿದ್ದಿದ್ದರೆ ಅದೂ ಇಲ್ಲ. ಹಳೆಯ ಕಟ್ಟಡದ ಬಾಗಿಲುಗಳು ಗಟ್ಟಿ ಮರದವು, ಒದ್ದರೆ ಅಲುಗುವುದಿಲ್ಲ. ಸಣ್ಣ ಸ್ಫೋಟಕ ಹಚ್ಚಬಹುದು, ಆದರೆ ಬಾಗಿಲಿನ ಹಿಂದೆಯೇ ಯಾರಾದರೂ ಅಡಗಿದ್ದರೆ? ಕೊನೆಗೂ ಒಳಹೊಕ್ಕಾಗ ಅಲ್ಲಿರುವವರು ರಟ್ಟಿನ ಆಕೃತಿಯಂತೆ ಕೈಯೆತ್ತಿ ನಿಲ್ಲುವುದಿಲ್ಲ. ಒಬ್ಬರು ಓಡಿಬಂದು ನಿಮ್ಮ ಬಂದೂಕಿನ ಕೈಯನ್ನೇ ಹಿಡಿದುಕೊಳ್ಳುತ್ತಾರೆ. ಇನ್ನೊಬ್ಬರು ಮಂಚದ ಕೆಳಗಿಂದ ಬರಲು ಒಪ್ಪುವುದಿಲ್ಲ. ಮತ್ತೊಬ್ಬರಿಗೆ ನಿಮ್ಮ ಎರಡೂ ಭಾಷೆ ಬರುವುದಿಲ್ಲ. ಎಲ್ಲರನ್ನೂ ತಪಾಸಣೆ ಮಾಡಬೇಕು, ಉಗ್ರನೊಬ್ಬ ಅತಿಥಿಗಳ ನಡುವೆ ಸೇರಿಕೊಂಡು ಹೊರಬರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಮೂರು ದಿನ ಅನ್ನ ನಿದ್ರೆ ಬಿಟ್ಟಂತೆ ಕಾಣುವ ವೃದ್ಧರ ಮೈ ತಡಕಾಡುವಾಗ ನಿಮ್ಮ ಕೈ ಹಿಂಜರಿಯುತ್ತದೆ. ಆಮೇಲೆ ಅವರನ್ನು ಕೆಳಗೆ ಬಿಡಲು ತಂಡದಲ್ಲಿ ಒಬ್ಬನೋ ಇಬ್ಬರೋ ಹೋಗಬೇಕು. ಐವರಿದ್ದವರು ಮೂವರಾಗುತ್ತೀರಿ.

ಒಂದು ಕೋಣೆಗೆ ಮೂರೇ ನಿಮಿಷ ಎಂದು ಹಿಡಿಯಿರಿ. ಒಂದು ತಂಡಕ್ಕೆ 560 ಕೋಣೆಗಳಿಗೆ 28 ಗಂಟೆ ಬೇಕು, ಒಂದು ಗಳಿಗೆಯೂ ಕೂರದೆ. ತಂಡಗಳು ಹಲವಿದ್ದವು ನಿಜ. ಆದರೆ ಒಂದು ಕೋಣೆಗೆ ಮೂರು ನಿಮಿಷ ಸಾಲುತ್ತಿರಲಿಲ್ಲ ಎಂಬುದೂ ನಿಜ. ನೋಡಿ ಮುಗಿಸಿದ ಕೋಣೆಗೆ ಕಾವಲು ಬಿಡಲು ಜನರಿಲ್ಲ, ಕಾವಲಿಲ್ಲದ ಕೋಣೆ ಅರ್ಧ ಗಂಟೆಯ ನಂತರ ಮತ್ತೆ ಅನುಮಾನದ ಕೋಣೆ. ಉಗ್ರರು ಒಂದೆಡೆ ಕೂತಿಲ್ಲ. ಮಹಡಿಯಿಂದ ಮಹಡಿಗೆ ಓಡಾಡುತ್ತ, ಬೆಂಕಿ ಹಚ್ಚುತ್ತ, ಗ್ರೆನೇಡ್ ಉರುಳಿಸುತ್ತ ಇದ್ದಾರೆ. ಹೊರಗೆ ಟಿ.ವಿ. ವರದಿಗಾರರು ‘ಇಷ್ಟೊಂದು ತಡ ಏಕೆ’ ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಆ ದಿನ ದೇಶದ ಮನೆಮನೆಯಲ್ಲೂ ಇತ್ತು. ಬಾಗಿಲುಗಳನ್ನು ಎಣಿಸಿ ನೋಡಿದವರು ಅದನ್ನು ಕೇಳಲಾರರು.

27ರ ರಾತ್ರಿ. ನಿಮಗೆ ನಿದ್ರೆಯಿಲ್ಲದ ಎರಡನೆಯ ರಾತ್ರಿ. ತಂಡದ ಮುಂದಿರುವವರು ಮೇಜರ್ ಸಂದೀಪ್ ಉನ್ನಿಕೃಷ್ಣನ್. ಬೆಂಗಳೂರಿನಲ್ಲಿ ಬೆಳೆದವರು, ಫ್ರಾಂಕ್ ಆಂಥೋನಿ ಶಾಲೆಯ ವಿದ್ಯಾರ್ಥಿ, ತಂದೆ ಇಸ್ರೋದಲ್ಲಿದ್ದವರು. ಬಿಹಾರ ರೆಜಿಮೆಂಟಿನ 7ನೇ ಬೆಟಾಲಿಯನ್ನಿನಿಂದ ಎನ್‌ಎಸ್‌ಜಿಗೆ ಬಂದವರು. ಅದಕ್ಕೂ ಮುಂಚೆ ನಮ್ಮ ಬೆಳಗಾವಿಯ ಕಮಾಂಡೊ ಶಾಲೆಯಲ್ಲಿ ಘಾತಕ್ ತರಬೇತಿ ಪಡೆದು ಅಗ್ರಸ್ಥಾನದಲ್ಲಿ ಬಂದಿದ್ದವರು. ಈ ದೇಶದ ಸೇನೆ ಕೊಡಬಹುದಾದ ಅತ್ಯುತ್ತಮ ತರಬೇತಿ ಅವರಿಗೆ ಸಿಕ್ಕಿತ್ತು. ಕಾರ್ಯಾಚರಣೆಯಲ್ಲಿ ಜೊತೆಗಿದ್ದ ಕಮಾಂಡೊ ಒಬ್ಬರು ಗಾಯಗೊಂಡರು. ಅವರನ್ನು ಹೊರಸಾಗಿಸುವ ವ್ಯವಸ್ಥೆ ಮಾಡಿ ಮೇಜರ್ ಉಗ್ರರನ್ನು ಬೆನ್ನಟ್ಟಿಹೋದರು. ಮರಳಿ ಬರಲಿಲ್ಲ. ಆಗ ಅವರಿಗೆ 31 ವರ್ಷ.

ಗಾಯಗೊಂಡವನನ್ನು ಬಿಡಬಾರದು, ಉಗ್ರನಿಗೆ ಉಸಿರಾಡಲು ಬಿಡಬಾರದು. ತರಬೇತಿ ಎರಡನ್ನೂ ಕಲಿಸುತ್ತದೆ. ಎರಡೂ ಒಂದೇ ಕ್ಷಣದಲ್ಲಿ ಎದುರಾದಾಗ ಇರುವ ಐದು ಜನರನ್ನು ಹೇಗೆ ಹಂಚಬೇಕು ಎಂಬುದಕ್ಕೆ ಯಾವ ಕಿಲ್ ಹೌಸಿನಲ್ಲೂ ಸರಿಯುತ್ತರ ಬರೆದಿಟ್ಟಿಲ್ಲ. ಅವರು ಕೊಟ್ಟ ಉತ್ತರಕ್ಕೆ 2009ರ ಗಣರಾಜ್ಯೋತ್ಸವದಂದು ಅಶೋಕ ಚಕ್ರ ಬಂತು. ಯಲಹಂಕದ ರಸ್ತೆಯೊಂದಕ್ಕೆ ಅವರ ಹೆಸರಿದೆ.

ಆ ಗಂಟೆಗಳಲ್ಲಿ ಎದುರಾಳಿಗೆ ಮಾತ್ರ ಅವನ ಉಸ್ತಾದ್ ಜೊತೆಗೇ ಇದ್ದ. ಕರಾಚಿಯಲ್ಲಿ ಟಿ.ವಿ. ಮುಂದೆ ಕುಳಿತವರು ಫೋನಿನಲ್ಲಿ ಹೇಳುತ್ತಲೇ ಇದ್ದರು: ಹೊರಗೆ ಏನಾಗುತ್ತಿದೆ, ಯಾರು ಎಲ್ಲಿಂದ ಬರುತ್ತಿದ್ದಾರೆ, ಬೆಂಕಿ ಹಚ್ಚಿ, ಬಿಡಬೇಡಿ. 28ರ ಬೆಳಿಗ್ಗೆ ಯಹೂದಿ ಕೇಂದ್ರವಾದ ನರಿಮನ್ ಹೌಸಿನ ಮೇಲೆ ಹೆಲಿಕಾಪ್ಟರ್ ಬಂದು ಹಗ್ಗದಿಂದ ಕಮಾಂಡೊಗಳು ಇಳಿದರು. ಇಡೀ ದೇಶ ಅದನ್ನು ನೇರಪ್ರಸಾರದಲ್ಲಿ ನೋಡಿತು. ಕರಾಚಿಯೂ ನೋಡಿತು. ಹಠಾತ್ ದಾಳಿ ಎಂಬುದನ್ನು ಮಾನೇಸರದಲ್ಲಿ ಎಷ್ಟು ವರ್ಷ ಅರೆದರೇನು, ಸೂರಿನ ಮೇಲೆ ಕಾಲಿಡುವ ಮೊದಲೇ ಅದು ಕೈತಪ್ಪಿತ್ತು. ಆ ಕಟ್ಟಡದಲ್ಲಿ ಹವಾಲ್ದಾರ್ ಗಜೇಂದ್ರ ಸಿಂಗ್ ಬಿಷ್ಟ್ ಹುತಾತ್ಮರಾದರು. ಒತ್ತೆಯಾಳುಗಳನ್ನು ಉಳಿಸಲಾಗಲಿಲ್ಲ. ಸೆರೆಸಿಕ್ಕ ಉಗ್ರ ಕಸಬ್‌ನ ಪ್ರಕರಣದಲ್ಲಿ 2012ರಲ್ಲಿ ಕೊಟ್ಟ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ನೇರಪ್ರಸಾರವನ್ನು ಕಟುವಾಗಿ ಖಂಡಿಸಿತು. ಉಗ್ರನಿಗ್ರಹ ಕಾರ್ಯಾಚರಣೆಯ ನೇರಪ್ರಸಾರ ಕೂಡದೆಂಬ ನಿಯಮ ಬಂದದ್ದು 2015ರಲ್ಲಿ.

29ರ ಬೆಳಿಗ್ಗೆ ತಾಜ್‌ನ ಕೊನೆಯ ಉಗ್ರರು ಸತ್ತರು. ದಾಳಿ ಶುರುವಾಗಿ ಸುಮಾರು 60 ಗಂಟೆ ಕಳೆದಿತ್ತು. ನಗರದಲ್ಲಿ ಸತ್ತವರು 166 ಮಂದಿ.

ನಗರದೊಳಗಿನ ಕಾಳಗಕ್ಕೆ ಹೀಗೆ ಅರ್ಧ ತಯಾರಾಗಿ ಹೋಗುವುದು ಅದೇ ಮೊದಲಲ್ಲ. ಶ್ರೀಲಂಕೆಗೆ ಹೋಗಿದ್ದ ಭಾರತೀಯ ಶಾಂತಿಪಾಲನಾ ಪಡೆಯಲ್ಲಿ, 1987ರ ಅಕ್ಟೋಬರ್ 11ರ ರಾತ್ರಿ ಎಲ್‌ಟಿಟಿಇ ವಿರುದ್ಧ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರುಗಳಲ್ಲಿ ಇಳಿದವರಲ್ಲಿ ನೀವೂ ಒಬ್ಬರು ಎಂದುಕೊಳ್ಳಿ. ಸುತ್ತ ಮನೆಗಳು, ತಾಳೆಮರಗಳು, ಓಣಿಗಳು, ಎಲ್ಲ ಕಡೆಯಿಂದಲೂ ಗುಂಡು. ನಿಮ್ಮ ಬೆನ್ನಿಗೆ ಬರಬೇಕಿದ್ದವರನ್ನು ಹೊತ್ತ ಹೆಲಿಕಾಪ್ಟರುಗಳು ಆ ಗುಂಡಿನ ಮಳೆಯಲ್ಲಿ ಇಳಿಯಲಾಗಲಿಲ್ಲ. 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿಯಲ್ಲಿ 29 ಮಂದಿ ಅಲ್ಲೇ ಸತ್ತರು, ಉಳಿದೊಬ್ಬ ಸೆರೆಯಾದ. ಬಯಲು, ಬೆಟ್ಟ, ಗಡಿಯ ಕಾಳಗಕ್ಕೆ ತಯಾರಾಗಿದ್ದ ಸೇನೆ ಜನ ವಾಸಿಸುವ ಊರಿನ ಓಣಿಯನ್ನು ಓಣಿಯಲ್ಲೇ ಕಲಿಯಬೇಕಾಯಿತು. ಆ ಕಲಿಕೆಯ ಬೆಲೆಯನ್ನು ನಮ್ಮ ಯೋಧರ ಜೊತೆ ಜಾಫ್ನಾದ ಸಾಮಾನ್ಯ ಜನರೂ ತೆತ್ತರು.

ಇರಾಕಿನದು ಬೇರೆ ಬಗೆಯ ಪಾಠ. ಅಲ್ಲಿನ ಭಯೋತ್ಪಾದನಾ ನಿಗ್ರಹ ಪಡೆಯನ್ನು ಅಮೆರಿಕದವರು ರಾತ್ರಿ ದಾಳಿಗೆಂದೇ ತಿದ್ದಿದ್ದರು: ಒಂದು ಮನೆ, ಒಬ್ಬ ವ್ಯಕ್ತಿ, ಕೆಲವು ನಿಮಿಷ. 2016ರ ಅಕ್ಟೋಬರಿನಲ್ಲಿ ಅದೇ ಪಡೆಯನ್ನು ಐಸಿಸ್ ಹಿಡಿತದಲ್ಲಿದ್ದ ಮೊಸುಲ್ ನಗರ ಗೆಲ್ಲಲು ಮುಂದೆ ಬಿಟ್ಟರು. ಒಂಬತ್ತು ತಿಂಗಳು ಬೀದಿ ಬೀದಿಯಲ್ಲಿ ಕಾದಾಡಿ ಆ ಪಡೆ ಶೇ. 40ರಷ್ಟು ನಷ್ಟ ಅನುಭವಿಸಿತೆಂದು ಅಮೆರಿಕದ ರಕ್ಷಣಾ ಇಲಾಖೆಯ ಕಡತವೇ ಹೇಳುತ್ತದೆ. ಅವರು ದುರ್ಬಲರಾಗಿರಲಿಲ್ಲ. ಕೋಣೆ ಗೆಲ್ಲುವುದರಲ್ಲಿ ಅವರು ಚೆನ್ನಾಗಿ ಪಳಗಿದ್ದರು. ಮೊಸುಲ್‌ನಲ್ಲಿ ಗೆದ್ದ ಪ್ರತಿ ಕೋಣೆಯ ಆಚೆಗೂ ಇನ್ನೊಂದು ಬೀದಿ ಇತ್ತು.

ಊರಿನ ಕಾಳಗವನ್ನು ಮೊದಲೇ ಕಲಿಸಲೆಂದೇ ಶ್ರೀಮಂತ ಸೇನೆಗಳು ಸುಳ್ಳು ಊರುಗಳನ್ನು ಕಟ್ಟುತ್ತವೆ. ಜರ್ಮನಿಯ ಶ್ನೋಗರ್ಸ್‌ಬುರ್ಗ್‌ನಲ್ಲಿ 500ಕ್ಕೂ ಹೆಚ್ಚು ಕಟ್ಟಡಗಳಿವೆ, ನೆಲದಡಿಯ ರೈಲು ನಿಲ್ದಾಣವಿದೆ, ಚರಂಡಿ ಸುರಂಗಗಳಿವೆ, ಕೃತಕ ನದಿಯೂ ಇದೆ. ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ, ಫೋರ್ಟ್ ಅರ್ವಿನ್‌ನಲ್ಲಿ, ಇರಾಕ್ ಯುದ್ಧದ ವರ್ಷಗಳಲ್ಲಿ ಅಮೆರಿಕ ಇರಾಕಿ ಹಳ್ಳಿಗಳನ್ನು ಎಬ್ಬಿಸಿತು. ಅಲ್ಲಿಗೆ ಇರಾಕಿ ಮೂಲದವರನ್ನೇ ಸಂಬಳ ಕೊಟ್ಟು ಕರೆತಂದು ಮೇಯರ್, ಪೊಲೀಸ್, ಅಂಗಡಿಯವ ಎಂದು ಕೂರಿಸಿತು. ಕೈಕಾಲು ಕಳೆದುಕೊಂಡವರೇ ಬಾಂಬಿನ ಗಾಯಾಳುಗಳಾಗಿ ನಟಿಸುತ್ತಿದ್ದರು, ಕೃತಕ ರಕ್ತ ಚಿಮ್ಮುತ್ತಿತ್ತು. ಮೊದಲ ಸಲ ಅದನ್ನು ಕಂಡ ಹದಿಹರೆಯದ ಸೈನಿಕನ ಕೈ ನಡುಗುತ್ತದೆ. ಅವನ ಕೈ ಅಲ್ಲಿಯೇ ಒಮ್ಮೆ ನಡುಗಿ ಮುಗಿಯಲಿ ಎಂಬುದೇ ಉದ್ದೇಶ, ಮತ್ತು ಅದು ಒಳ್ಳೆಯ ಉದ್ದೇಶ.

ಆದರೂ ಸುಳ್ಳು ಊರಿಗೆ ಒಂದು ಕಟ್ಟುಪಾಡಿದೆ. ನಾಳೆ ಇನ್ನೊಂದು ತುಕಡಿ ಬರುತ್ತದೆ, ಆದ್ದರಿಂದ ಇವತ್ತು ಊರು ಒಡೆಯಬಾರದು. ಫಿರಂಗಿ ಬಿದ್ದ ಮೇಲೆ ಮನೆ ಮನೆಯಾಗಿ ಉಳಿಯುವುದಿಲ್ಲ. ಕಾಂಕ್ರೀಟಿನ ರಾಶಿ, ಬಾಗಿದ ಕಬ್ಬಿಣ, ಅದರಡಿ ಸಿಕ್ಕಿಬಿದ್ದವರು, ಮುಚ್ಚಿಹೋದ ಬೀದಿ. ನಕ್ಷೆ ಅಲ್ಲಿಗೆ ಮುಗಿಯುತ್ತದೆ. ಆ ಊರನ್ನು ಯಾವ ತರಬೇತಿಯೂ ಕಟ್ಟಿ ತೋರಿಸಲಾರದು. ಸಂಬಳಕ್ಕೆ ಬಂದ ನಟಿ ಎಷ್ಟೇ ಜೋರಾಗಿ ಅತ್ತರೂ ಸಂಜೆ ಊಟಕ್ಕೆ ಹೋಗುತ್ತಾಳೆ, ಮತ್ತು ಅದು ಸೈನಿಕನಿಗೆ ಗೊತ್ತು. ಊರಿನ ಗಾತ್ರದ ಮಾತೂ ಇದೆ. ಶ್ನೋಗರ್ಸ್‌ಬುರ್ಗ್‌ನಂಥ ಹತ್ತಾರು ಊರು ನಮ್ಮ ಬೆಂಗಳೂರಿನ ಒಂದು ಭಾಗದೊಳಗೆ ಹಿಡಿಸುತ್ತವೆ.

ಹಾಗಾದರೆ ನನ್ನ ತೀರ್ಮಾನವೇನು? ಕಮಾಂಡೊವಿನ ತರಬೇತಿಯನ್ನು ಇನ್ನಷ್ಟು ಕಠಿಣ ಮಾಡಿ ಎಂದು ಹೇಳುವುದು ಸುಲಭ. ಅದು ಈಗಾಗಲೇ ಕಠಿಣವಾಗಿದೆ. ತಾಜ್‌ನಲ್ಲಿ ಇಲ್ಲದೇ ಹೋದದ್ದು ಬಹುಪಾಲು ಬ್ಯಾರಕ್ಕಿನ ಹೊರಗಿನದು: ನಕ್ಷೆ, ಕೀಲಿ, ಹತ್ತಿರದ ನೆಲೆ, ವಿಮಾನ, ಮೊದಲ ಗಂಟೆಗಳಲ್ಲಿ ಎದುರು ನಿಲ್ಲಬಲ್ಲ ಸ್ಥಳೀಯ ಪೊಲೀಸರ ಬಳಿ ತಕ್ಕ ಆಯುಧ, ಕ್ಯಾಮೆರಾ ತಿರುಗಿಸುವವರ ಸಂಯಮ. ಇವುಗಳ ಅಭ್ಯಾಸ ಮಾಡಬೇಕಾದವರು ಕಪ್ಪು ಸಮವಸ್ತ್ರದವರಲ್ಲ. ಆ 60 ಗಂಟೆಗಳಲ್ಲಿ ತಾಜ್‌ನ ಅಡುಗೆಯವರು, ಬಡಿಸುವವರು, ಟೆಲಿಫೋನ್ ನಿರ್ವಾಹಕರು ತಮ್ಮ ಕಟ್ಟಡದ ಹಿಂದಾರಿಗಳನ್ನು ಬಲ್ಲವರಾಗಿದ್ದರಿಂದಲೇ ನೂರಾರು ಅತಿಥಿಗಳು ಬದುಕಿದರು. ಅವರಲ್ಲಿ ಹಲವರು ಅತಿಥಿಗಳ ಮುಂದೆ ನಿಂತು ಪ್ರಾಣ ಬಿಟ್ಟರು. ಅವರಿಗೆ ಯಾರೂ ಯುದ್ಧ ಕಲಿಸಿರಲಿಲ್ಲ. ಕಟ್ಟಡವನ್ನು ಅವರಷ್ಟು ಬಲ್ಲವರು ಆ ರಾತ್ರಿ ಬೇರಾರೂ ಇರಲಿಲ್ಲ.

ಕೆಲವು ತಿದ್ದುಪಡಿಗಳು ಆಗಿವೆ. 2009ರಲ್ಲಿ ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದ್‌ಗಳಲ್ಲಿ ಎನ್‌ಎಸ್‌ಜಿ ನೆಲೆಗಳು ಬಂದವು. ಕರ್ನಾಟಕ ತನ್ನದೇ ಗರುಡ ಪಡೆ ಕಟ್ಟಿತು, ಬೆಂಗಳೂರಿನ ಕೂಡ್ಲುವಿನಲ್ಲಿ ಅದಕ್ಕೊಂದು ಕೇಂದ್ರವಾಯಿತು. ಎನ್‌ಎಸ್‌ಜಿಯವರು ಈಗ ‘ಗಾಂಡೀವ’ ಎಂಬ ಹೆಸರಿನಲ್ಲಿ ನಗರಗಳಿಗೇ ಬಂದು, ಅಸಲಿ ಕಟ್ಟಡಗಳಲ್ಲಿ, ಸ್ಥಳೀಯ ಪೊಲೀಸರ ಜೊತೆ ಅಭ್ಯಾಸ ನಡೆಸುತ್ತಾರೆ. ಕಿಲ್ ಹೌಸಿನ ಗೋಡೆ ದಾಟಿ ಊರಿಗೆ ಬರುವ ಇಂಥ ಅಭ್ಯಾಸವೇ ನಿಜಕ್ಕೆ ಹೆಚ್ಚು ಹತ್ತಿರ. ಅಲ್ಲಿ ಕೆಲಸ ಮಾಡುವವರು, ವಾಸಿಸುವವರು ಅದರಲ್ಲಿ ಭಾಗಿಯಾಗದಿದ್ದರೆ ಮಾತ್ರ ಅದೂ ದೊಡ್ಡದೊಂದು ರಟ್ಟಿನ ಕೋಣೆಯಾಗಿಬಿಡುತ್ತದೆ.

ಆದ್ದರಿಂದ ಈ ಕೋರಿಕೆ ನಿಮಗೇ. ನೀವು ಹೋಟೆಲು, ಆಸ್ಪತ್ರೆ, ಮಾಲ್, ಕಚೇರಿ ನಡೆಸುವವರಾದರೆ, ಅಪಾರ್ಟ್‌ಮೆಂಟ್ ಸಂಘದ ಪದಾಧಿಕಾರಿಯಾದರೆ, ಅಣಕು ಕಾರ್ಯಾಚರಣೆಗೆಂದು ಪೊಲೀಸರು ಬಂದಾಗ ‘ಗಿರಾಕಿಗಳು ಹೆದರುತ್ತಾರೆ, ಭಾನುವಾರ ಬೇಡ’ ಎಂದು ಸಾಗಹಾಕಬೇಡಿ. ಕಾವಲುಗಾರನಿಗೆ, ಕಸ ಗುಡಿಸುವ ಅಮ್ಮನಿಗೆ, ಲಿಫ್ಟಿನ ಹುಡುಗನಿಗೆ ಅದರಲ್ಲಿ ಪಾತ್ರ ಕೊಡಿ, ಯಾವ ಮೆಟ್ಟಿಲು ಎಲ್ಲಿಗೆ ಹೋಗುತ್ತದೆ ಎಂದು ಬಲ್ಲವರು ಅವರೇ. ಎಲ್ಲಾದರೂ ಗುಂಡಿನ ಸದ್ದು ಕೇಳಿದರೆ ಪೊಲೀಸರು ಎಲ್ಲಿ ನಿಂತಿದ್ದಾರೆಂದು ಮೊಬೈಲಿನಲ್ಲಿ ತೋರಿಸಬೇಡಿ. ನಿಮ್ಮ ಕಟ್ಟಡದ ಇತ್ತೀಚಿನ ನಕ್ಷೆಯ ಒಂದು ಪ್ರತಿ ಹತ್ತಿರದ ಪೊಲೀಸ್ ಠಾಣೆಯಲ್ಲಿದೆಯೇ ಎಂದು ಈ ವಾರವೇ ವಿಚಾರಿಸಿ, ಇಲ್ಲದಿದ್ದರೆ ಕೊಟ್ಟು ಬನ್ನಿ.